ಮುಖಕ್ಕೊಪ್ಪುವ ಬೆಳಕು

ನಮ್ಮ ಕಡೆಯ ಮನೆಗಳಲ್ಲಿ ನಡುಮನೆಯ ಗೋಡೆಗೆ ತೂಗುಹಾಕಿದ ಹಿರಿಯರ ಭಾವಚಿತ್ರಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಎಷ್ಟೋ ಮನೆತನಗಳಲ್ಲಿ ಅಜ್ಜಿಯ ಮುಖ ಹೇಗಿತ್ತೆಂಬುದಕ್ಕೆ ಉಳಿದಿರುವ ಸಾಕ್ಷ್ಯ ಅದೊಂದೇ. ಆ ಚಿತ್ರದಲ್ಲಿ ಹಣೆಯ ಮೇಲೆ ಬಿಳಿಯ ತೇಪೆಯೊಂದು ಹೊಳೆಯುತ್ತ, ಕಣ್ಣುಗಳು ಕಪ್ಪು ಗುಳಿಗಳಾಗಿ, ಮೈಬಣ್ಣ ಸುಣ್ಣ ಬಳಿದಂತೆ ಕಾಣುತ್ತಿದ್ದರೆ, ಮೊಮ್ಮಕ್ಕಳು ಅದನ್ನೇ ಅಜ್ಜಿಯೆಂದು ನಂಬಬೇಕಾಗುತ್ತದೆ. ದೋಷ ಅಜ್ಜಿಯದಲ್ಲ, ಬಹುಮಟ್ಟಿಗೆ ಕ್ಯಾಮರಾದ್ದೂ ಅಲ್ಲ, ಬೆಳಕಿನದು. ಕೋಲಾರದಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಾಗಲಿ ಚಿಕ್ಕದೊಂದು ಸ್ಟುಡಿಯೋ ತೆರೆಯಲು ಹೊರಟ ತರುಣನು ದೀಪ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, “ಎಷ್ಟು ವ್ಯಾಟಿನದು?” ಎಂಬುದು. ಅದು ಎರಡನೆಯ ಪ್ರಶ್ನೆಯಾಗಬೇಕು. ಮೊದಲನೆಯದು ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ವಿದ್ಯುದ್ದೀಪಗಳು ಬಳಕೆಗೆ ಬರುವ ಮುನ್ನ ಛಾಯಾಚಿತ್ರಗಾರರು ಉತ್ತರಕ್ಕೆ ಮುಖ ಮಾಡಿದ ದೊಡ್ಡ ಕಿಟಕಿಯನ್ನೋ ಗಾಜಿನ ಮಾಡನ್ನೋ ಆಶ್ರಯಿಸುತ್ತಿದ್ದರು. ಯೂರೋಪಿನಲ್ಲಿ ನಡುಹಗಲಿನ ಸೂರ್ಯನು ವರ್ಷವಿಡೀ ದಕ್ಷಿಣದಲ್ಲಿರುವುದರಿಂದ ಉತ್ತರದ ಕಿಟಕಿಗೆ ಆ ಹೊತ್ತಿನಲ್ಲಿ ನೇರ ಬಿಸಿಲು ಬೀಳದು; ಆಕಾಶದ ಹರಡಿದ ಬೆಳಕು ಮಾತ್ರ ಒಳಬರುತ್ತದೆ. ಆ ನಿಯಮವನ್ನು ಕೋಲಾರಕ್ಕೆ ಹಾಗೆಯೇ ತಂದರೆ ನಡೆಯದು. ಕೋಲಾರವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಸೂರ್ಯನು ಹಗಲೆಲ್ಲ ಆಕಾಶದ ಉತ್ತರ ಭಾಗದಲ್ಲಿಯೇ ಸಂಚರಿಸುತ್ತಾನೆ. ಜೂನ್ 21ರ ಮಧ್ಯಾಹ್ನ ನೆತ್ತಿಯಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಗ್ರಂಥದಲ್ಲಿ ಹೇಳಿದಂತೆ ಉತ್ತರಕ್ಕೆ ಗಾಜು ಹಾಕಿಸಿದವನಿಗೆ ಬೇಸಿಗೆಯ ಲಗ್ನಗಳ ಕಾಲದಲ್ಲಿಯೇ ಬಿಸಿಲು ಒಳಗೆ ಇಣುಕುತ್ತದೆ! ಋತುವಿಗೂ ದಿಕ್ಕಿಗೂ ಅಧೀನವಾಗದ, ಬೇಕಾದೆಡೆ ಒಯ್ದು ನಿಲ್ಲಿಸಬಹುದಾದ ಕಿಟಕಿಯೇ ಸಾಫ್ಟ್‌ಬಾಕ್ಸ್. ಕಪ್ಪು ಬಟ್ಟೆಯ ಪೆಟ್ಟಿಗೆ, ಒಳಮೈಗೆ ಬೆಳ್ಳಿಬಣ್ಣದ ಅಸ್ತರಿ, ಹಿಂದೆ ದೀಪ, ಮುಂದೆ ಬಿಳಿಯ ಪರದೆ: ಅದರ ರಚನೆ ಇಷ್ಟೇ.

ಬೆಳಕು ಕಟುವೋ ಮೃದುವೋ ಎಂಬುದು ದೀಪದ ಬಲವನ್ನು ಅವಲಂಬಿಸಿಲ್ಲ. ಮುಖದಿಂದ ನೋಡಿದಾಗ ಬೆಳಕಿನ ಮೂಲವು ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದೇ ಮುಖ್ಯ. ಸೂರ್ಯನು ಭೂಮಿಗಿಂತ ನೂರು ಪಟ್ಟಿಗೂ ಹೆಚ್ಚು ವ್ಯಾಸವುಳ್ಳವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟೇ. ಆದುದರಿಂದ ಅವನ ನೆರಳಿನ ಅಂಚು ಚೂರಿಯಂತೆ ಹರಿತ. ಮೋಡ ಕವಿದರೆ ಆಕಾಶವೆಲ್ಲವೂ ದೀಪವಾಗುತ್ತದೆ, ನೆರಳು ಕರಗಿಹೋಗುತ್ತದೆ. 60 ಸೆಂ. ಮೀ. ಅಗಲದ ಪೆಟ್ಟಿಗೆಯನ್ನು ಮುಖದಿಂದ 60 ಸೆಂ. ಮೀ. ದೂರದಲ್ಲಿಟ್ಟರೆ ಅದು ಸುಮಾರು 53 ಡಿಗ್ರಿಯಷ್ಟು ವಿಸ್ತಾರವಾಗಿ ಕಾಣುತ್ತದೆ. ಅದನ್ನೇ 180 ಸೆಂ. ಮೀ.ಗೆ ಹಿಂದೆ ಸರಿಸಿದರೆ 19 ಡಿಗ್ರಿಗೆ ಕುಗ್ಗುತ್ತದೆ. ಹೆಸರು ‘ಸಾಫ್ಟ್’ ಎಂದಿದ್ದ ಮಾತ್ರಕ್ಕೆ ಪೆಟ್ಟಿಗೆ ಎಲ್ಲಿಟ್ಟರೂ ಮೃದುವಾದ ಬೆಳಕನ್ನೇ ಕೊಡುವುದೆಂದು ತಿಳಿಯಬಾರದು.

ವಿದ್ಯಾರ್ಥಿಗಳು ಇದನ್ನು ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ಶ್ರೀನಿವಾಸಪುರದ ಸೀಮೆಯಲ್ಲಿ ಬೇಸಿಗೆಯಲ್ಲಿ ಮಾವಿನ ಹಣ್ಣಿಗೆ ಬರವಿಲ್ಲವಷ್ಟೆ. ಕತ್ತಲೆಯ ಕೋಣೆಯಲ್ಲಿ ಒಂದು ಹಣ್ಣನ್ನಿಟ್ಟು ಮೊಬೈಲಿನ ಟಾರ್ಚಿನಿಂದ ಬೆಳಗಿಸಿ. ಸಿಪ್ಪೆಯ ಮೇಲೆ ಚುಕ್ಕೆಯಂಥ ಹೊಳಪೂ ಮೇಜಿನ ಮೇಲೆ ಹರಿತವಾದ ನೆರಳೂ ಕಾಣುತ್ತವೆ. ಈಗ ಹಣ್ಣಿಗೂ ಟಾರ್ಚಿಗೂ ನಡುವೆ ಬಿಳಿಯ ಪಂಚೆಯೊಂದನ್ನು ಬಿಗಿಯಾಗಿ ಹಿಡಿಯಿರಿ. ಟಾರ್ಚನ್ನು ಪಂಚೆಗೆ ತಾಗಿಸಿದರೆ ವ್ಯತ್ಯಾಸ ಅಲ್ಪ. ಹಿಂದಕ್ಕೆ ಒಯ್ದು ಪಂಚೆಯ ತುಂಬ ಬೆಳಕು ಹರಡುವಂತೆ ಮಾಡಿದರೆ ಹೊಳಪು ಅಗಲವಾಗಿ ಮಂಕಾಗುತ್ತದೆ, ನೆರಳಿನ ಅಂಚು ಕರಗುತ್ತದೆ. ಬಟ್ಟೆಯಿಂದಲ್ಲ, ಬೆಳಗಿದ ಬಟ್ಟೆಯ ವಿಸ್ತಾರದಿಂದ ಮೃದುತ್ವ ಬಂದಿತೆಂಬುದನ್ನು ಗಮನಿಸಬೇಕು.

ಆ ಹೊಳಪಿನ ವಿಚಾರವೇ ನಮ್ಮ ಜನರ ಭಾವಚಿತ್ರಗಳಿಗೆ ಬಹಳ ಮುಖ್ಯವಾದುದು. ಮಾಲೂರಿನ ಹೆಂಚೊಂದನ್ನು ತೆಗೆದುಕೊಳ್ಳಿ. ಒಣ ಹೆಂಚು ಎಲ್ಲ ಕಡೆಗೂ ಸಮನಾಗಿ ತನ್ನ ಕೆಂಪನ್ನು ಚೆದರಿಸುತ್ತದೆ. ಅದಕ್ಕೆ ಎಣ್ಣೆ ಸವರಿದರೆ ಕೆಂಪಿನ ಮೇಲೆ ದೀಪದ ಬಿಳಿಯ ಪ್ರತಿಬಿಂಬ ಮೂಡುತ್ತದೆ. ಮನುಷ್ಯನ ಚರ್ಮದಲ್ಲಿಯೂ ಈ ಎರಡು ಬಗೆಯ ಪ್ರತಿಫಲನಗಳಿವೆ. ಒಳಗೆ ಹೊಕ್ಕು, ವರ್ಣದ್ರವ್ಯದೊಡನೆ ಸೆಣಸಿ, ಹೊರಬರುವ ಬೆಳಕು ಮೈಬಣ್ಣವನ್ನು ತೋರಿಸುತ್ತದೆ. ಎಣ್ಣೆ, ಬೆವರುಗಳಿಂದ ನುಣುಪಾದ ಮೇಲ್ಮೈಯಿಂದಲೇ ಹಿಂದಿರುಗುವ ಬೆಳಕು, ಎದುರಿನಿಂದ ಬಿದ್ದಾಗ ನೂರಕ್ಕೆ ಸುಮಾರು 4ರಷ್ಟು, ದೀಪದ ಬಣ್ಣವನ್ನೇ ತೋರಿಸುತ್ತದೆ. ಈ ಎರಡನೆಯ ಪಾಲು ಬೆಳ್ಳಗಿನವರಿಗೂ ಕಪ್ಪಗಿನವರಿಗೂ ಹೆಚ್ಚು ಕಡಮೆ ಒಂದೇ. ಕಪ್ಪು ಮೈಬಣ್ಣದಲ್ಲಿ ಮೊದಲನೆಯ ಪಾಲು ಚಿಕ್ಕದಾದುದರಿಂದ ಹೊಳಪು ಎದ್ದು ಕಾಣುತ್ತದೆ.

ಸಣ್ಣ ದೀಪದಿಂದ ಇಂಥ ಮುಖವನ್ನು ತೆಗೆದು, ಕಪ್ಪಾಯಿತೆಂದು ಬೆಳಕನ್ನು ಇನ್ನೂ ಹೆಚ್ಚಿಸಿ, ಹಣೆ ಬಿಳಿಚಿಕೊಂಡಾಗ ಕಂಪ್ಯೂಟರಿನಲ್ಲಿ ಮುಖವನ್ನೆಲ್ಲ ಬೆಳ್ಳಗೆ ಮಾಡಿಕೊಡುವ ಪದ್ಧತಿಯುಂಟು. ಹೆಣ್ಣು ನೋಡುವವರಿಗೆ ಕಳುಹಿಸುವ ಚಿತ್ರದಲ್ಲಂತೂ ಇದು ಸೇವೆಯೆಂದೇ ಎಣಿಸಲ್ಪಡುತ್ತದೆ. ಇದು ಸೇವೆಯಲ್ಲ, ಆ ಹುಡುಗಿಗೆ ಮಾಡುವ ಅವಮಾನ ಎಂಬುದು ನಮ್ಮ ಅಭಿಪ್ರಾಯ. ಭೌತವಿಜ್ಞಾನವು ಇದಕ್ಕಿಂತ ಮರ್ಯಾದೆಯ ದಾರಿಯನ್ನು ತೋರಿಸುತ್ತದೆ. 60 ಸೆಂ. ಮೀ. ಚೌಕದ ಪೆಟ್ಟಿಗೆಯ ಬದಲು 120 ಸೆಂ. ಮೀ. ಚೌಕದ್ದನ್ನು ಅದೇ ದೂರದಲ್ಲಿಟ್ಟರೆ ಪರದೆಯ ವಿಸ್ತೀರ್ಣ 4 ಪಟ್ಟಾಗುತ್ತದೆ. ಅಷ್ಟೇ ಬೆಳಕು 4 ಪಟ್ಟು ಜಾಗದಲ್ಲಿ ಹರಡಿದುದರಿಂದ ಪರದೆಯ ಪ್ರಖರತೆ ಕಾಲುಭಾಗಕ್ಕೆ ಇಳಿಯುತ್ತದೆ. ಅದರ ಪ್ರತಿಬಿಂಬವಾದ ಹೊಳಪೂ ಕಾಲುಭಾಗವಾಗುತ್ತದೆ. ಮುಖಕ್ಕೆ ಬೀಳುವ ಒಟ್ಟು ಬೆಳಕು ಮಾತ್ರ ಹೆಚ್ಚೇನೂ ಕುಗ್ಗದು. ಮೈಬಣ್ಣ ಇದ್ದಂತೆಯೇ ಉಳಿದು, ಕೆನ್ನೆಯ ದುಂಡು ತಿಳಿಯುವಷ್ಟು ಹದವಾದ ಹೊಳಪು ನಿಲ್ಲುತ್ತದೆ. ಒಡವೆಗೂ ಸೀರೆಯ ಜರಿಗೂ ಇದೇ ಮಾತು: ಬಂಗಾರವು ತನ್ನೆದುರಿಗಿರುವುದನ್ನು ಪ್ರತಿಬಿಂಬಿಸುವುದರಿಂದ, ಎದುರಿಗೆ ಬಿಳಿಯ ದೊಡ್ಡ ಪರದೆಯಿದ್ದರೆ ಬಂಗಾರವಾಗಿ ಕಾಣುತ್ತದೆ; ಸಣ್ಣ ದೀಪವಿದ್ದರೆ ಕಪ್ಪು ಲೋಹದ ಮೇಲಿನ ಕಿಡಿಯಾಗಿ ಕಾಣುತ್ತದೆ.

ಇನ್ನು ಪೆಟ್ಟಿಗೆಯೊಳಗಿನ ಸ್ಟ್ರೋಬ್ ದೀಪ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಜರ್ಟನ್ನರು 1930ರ ದಶಕದಲ್ಲಿ ಬೆಳೆಸಿದ ವಿದ್ಯೆಯಿದು. ಕೋಲಾರದ ಕೆರೆಗಳನ್ನು ನೋಡಿದವರಿಗೆ ಇದರ ತತ್ತ್ವ ಸುಲಭ: ಕಿರುಗಾಲುವೆಯಿಂದ ನೀರು ನಿಧಾನವಾಗಿ ತುಂಬುತ್ತದೆ, ತೂಬೆತ್ತಿದರೆ ಒಮ್ಮೆಲೇ ನುಗ್ಗುತ್ತದೆ. ಇಲ್ಲಿ ಕೆರೆಯ ಸ್ಥಾನದಲ್ಲಿರುವುದು ಕೆಪಾಸಿಟರ್. ಒಂದೂವರೆ ಸೆಕೆಂಡು 200 ವ್ಯಾಟಿನಂತೆ ತುಂಬಿದರೆ 300 ಜೂಲ್ ಶಕ್ತಿ ಸಂಗ್ರಹವಾಗುತ್ತದೆ. ಅದು ಕ್ಸೆನಾನ್ ಅನಿಲದ ನಳಿಗೆಯ ಮೂಲಕ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹರಿದುಹೋದರೆ ಆ ಕ್ಷಣದ ಸಾಮರ್ಥ್ಯ 3 ಲಕ್ಷ ವ್ಯಾಟ್! ಎಲ್‌ಇಡಿ ದೀಪಗಳು ಅಗ್ಗವಾಗಿರುವ ಈ ದಿನಗಳಲ್ಲಿ ಸ್ಟ್ರೋಬ್ ಏಕೆಂದು ಕೇಳುವವರಿದ್ದಾರೆ. 100 ವ್ಯಾಟಿನ ಎಲ್‌ಇಡಿಯು ಷಟರು ತೆರೆದಿರುವ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ವ್ಯಯಿಸುವುದು 1 ಜೂಲ್ ಮಾತ್ರ. ಜೂಲೊಂದಕ್ಕೆ ಅದು ಎರಡು ಮೂರು ಪಟ್ಟು ಬೆಳಕು ಕೊಟ್ಟರೂ ಲೆಕ್ಕ ಸರಿಹೋಗದು. ಅಲುಗಾಡುವ ಮಗುವಿನ ಚಿತ್ರಕ್ಕೆ ಸ್ಟ್ರೋಬೇ ಸರಿ. ಕೋಣೆಯ ಟ್ಯೂಬ್‌ಲೈಟಿನ ಬಣ್ಣವೂ ಅದರ ಮುಂದೆ ಲೆಕ್ಕಕ್ಕೆ ಬಾರದು.

ವ್ಯಾಟಿನ ಪ್ರಶ್ನೆ ಈಗ ಬರಬಹುದು. ಅಂಗಡಿಯ ಮಳಿಗೆ 10 ಅಡಿ ಅಗಲವಿದೆಯೆನ್ನೋಣ. ನಡುವೆ ಕುಳಿತವನಿಗೂ ಪಕ್ಕದ ಗೋಡೆಗೂ 5 ಅಡಿ. ಪೆಟ್ಟಿಗೆಯ ಆಳ, ಅದರ ಹಿಂದಿನ ದೀಪದ ಉದ್ದ ಎರಡನ್ನೂ ಕಳೆದರೆ 120 ಸೆಂ. ಮೀ.ನದು ಅಲ್ಲಿ ಇಕ್ಕಟ್ಟಾಗುತ್ತದೆ; ಓರೆಯಾಗಿ ಮುಂದಕ್ಕೆ ತಂದು ನಿಲ್ಲಿಸಲು ಸ್ಥಳವಿಲ್ಲದಿದ್ದರೆ 90 ಸೆಂ. ಮೀ.ನದೇ ಲೇಸು. ಎದುರು ಪಕ್ಕದಲ್ಲಿ ಬಿಳಿಯ ಥರ್ಮೋಕೋಲ್ ಹಲಗೆಯೊಂದನ್ನು ನಿಲ್ಲಿಸಿದರೆ ಎರಡನೆಯ ದೀಪದ ಖರ್ಚು ಉಳಿಯುತ್ತದೆ. ಒಬ್ಬರ ಮುಖಕ್ಕೆ 200 ಜೂಲಿನ ದೀಪ ಧಾರಾಳ. ಆದರೆ ಮುಳಬಾಗಿಲಿನ ಕಲ್ಯಾಣಮಂಟಪದಲ್ಲಿ ವಧೂವರರ ಹಿಂದೆ ನೆಂಟರೂ ನಿಂತಾಗ ಲೆಕ್ಕ ಬೇರೆಯಾಗುತ್ತದೆ. ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕುಗ್ಗುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. (ದೊಡ್ಡ ಪರದೆಯ ತೀರ ಹತ್ತಿರ ಈ ನಿಯಮ ಅಂದಾಜಿಗೆ ಮಾತ್ರ.) ದೀಪವು ಮುಂದಿನವರಿಂದ 1 ಮೀಟರ್, ಹಿಂದಿನವರಿಂದ ಒಂದೂವರೆ ಮೀಟರ್ ಇದ್ದರೆ ಹಿಂದಿನವರಿಗೆ ನೂರಕ್ಕೆ 44 ಪಾಲು ಬೆಳಕು, 3 ಮೀಟರಿಗೆ ಸರಿಸಿದರೆ 73 ಪಾಲು. ಸರಿಸಿದುದಕ್ಕೆ ತೆರಬೇಕಾದ ಬೆಲೆಯೂ ಉಂಟು: ಮುಂದಿನವರಿಗೆ ಬೀಳುವ ಬೆಳಕು ಒಂಬತ್ತರಲ್ಲೊಂದು ಭಾಗವಾಗುತ್ತದೆ. ಮದುವೆಗಳಿಗೆ ಹೋಗುವವನು 400ರಿಂದ 600 ಜೂಲಿನ ದೀಪವನ್ನೂ 150 ಸೆಂ. ಮೀ.ನ ಪೆಟ್ಟಿಗೆಯನ್ನೂ ಕೊಳ್ಳುವುದು ಇದಕ್ಕಾಗಿ.

ಪೆಟ್ಟಿಗೆಯನ್ನು ಕೊಳ್ಳುವಾಗ ಅದರ ಪರದೆಯನ್ನೇ ಮಂದವಾಗಿ ಚಿತ್ರ ತೆಗೆದು ನೋಡಬೇಕು. ನಡುವೆ ಮಾತ್ರ ಬೆಳ್ಳಗಿದ್ದು ಅಂಚುಗಳು ಕಂದಿದ್ದರೆ 90 ಸೆಂ. ಮೀ.ಗೆ ಹಣ ಕೊಟ್ಟು 50 ಸೆಂ. ಮೀ. ಪಡೆದಂತಾಗುತ್ತದೆ, ಒಳಗೆ ಎರಡನೆಯ ಪರದೆಯುಳ್ಳದ್ದು ಮೇಲು. ಜೋಡಣೆಯ ಕಂಠ ‘ಬೋವೆನ್ಸ್’ ಮಾದರಿಯದಾಗಿರಲಿ. ಆ ಬ್ರಿಟಿಷ್ ಕಂಪನಿ 2017ರಲ್ಲಿ ಮುಚ್ಚಿತಾದರೂ ಅನೇಕ ತಯಾರಕರು ಆ ಮಾದರಿಯನ್ನು ಉಳಿಸಿಕೊಂಡಿರುವುದರಿಂದ ಬಿಡಿಭಾಗಗಳಿಗೆ ಪರದಾಡಬೇಕಾಗಿಲ್ಲ. ಮಳಿಗೆಯ ಗೋಡೆಗಳು ಹಸಿರೋ ನೀಲಿಯೋ ಆಗಿದ್ದರೆ ಮೊದಲು ಬಿಳಿಯ ಸುಣ್ಣ ಹೊಡೆಸಬೇಕು. ಗೋಡೆಗೆ ತಗುಲಿದ ಬೆಳಕು ಅದರ ಬಣ್ಣವನ್ನು ಹೊತ್ತು ಮುಖಕ್ಕೆ ಬರುತ್ತದೆ. ಎಂಥ ಬೆಲೆಬಾಳುವ ದೀಪವೂ ಇದನ್ನು ತಡೆಯಲಾರದು.

ವಿದ್ಯುತ್ತು ಈ ಸೀಮೆಗೆ ಹೊಸದಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿಯೇ ಬಂದಿತು. ಆದರೂ ಕರೆಂಟು ಹೋಗುವ ಹೊತ್ತಿಗೆ ಗಿರಾಕಿ ಕಾಯುವುದಿಲ್ಲವಾದುದರಿಂದ ಬ್ಯಾಟರಿಯಿಂದಲೂ ನಡೆಯುವ ದೀಪ ಅನುಕೂಲ. ಅದು ಕೆಟ್ಟಾಗ ಮಾತ್ರ ವಿಜ್ಞಾನದ ವಿದ್ಯಾರ್ಥಿಯೆಂಬ ಧೈರ್ಯದಿಂದ ಬಿಚ್ಚಲು ಹೋಗಬಾರದು. ಸ್ವಿಚ್ಚು ಆರಿಸಿದ ಮೇಲೆಯೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟಿನ ಆವೇಶ ಉಳಿದಿರಬಹುದು. ಅದು ಜೀವಕ್ಕೆ ಅಪಾಯ.