ಹೆದರುವ ನಾಯಿಗೆ ಹೊಂದುವ ಮನೆ ಯಾವುದು? ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಶ್ರಾವಕರಿಗೆ ಒಂದಿಷ್ಟು ಮಾಹಿತಿ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇವೆ. ಹಸಿದ ಬೀದಿ ನಾಯಿಗೆ ಒಂದು ಹಿಡಿ ಅನ್ನ ಹಾಕುವುದು ಆಹಾರದಾನ. ಅದರ ಗಾಯಕ್ಕೆ ಮದ್ದು ಹಾಕಿಸುವುದು ಔಷಧದಾನ. ಇವೆರಡನ್ನೂ ಅರ್ಧ ದಿನದಲ್ಲಿ ಮಾಡಿ ಮುಗಿಸಬಹುದು. ಆದರೆ ಆಶ್ರಯಧಾಮದ ಮೂಲೆಯಲ್ಲಿ ಬಾಲ ಮುದುರಿಕೊಂಡು, ಮನುಷ್ಯರ ಹೆಜ್ಜೆ ಕೇಳಿದರೆ ನಡುಗುವ ನಾಯಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಭಯ. ಅದನ್ನು ಕೊಡಲು ತಿಂಗಳುಗಳೇ ಬೇಕು, ಹೊಂದುವ ಮನೆಯೂ ಬೇಕು. ಅಂಥ ಮನೆ ಹೇಗಿರಬೇಕು, ನಮ್ಮ ಆಚಾರಕ್ಕೆ ಅದು ಹೇಗೆ ಕೂಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯ ಈಗೇಕೆ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ನೀಡಿ ಆಶ್ರಯಧಾಮಗಳಿಗೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿತು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಇವೆಲ್ಲವೂ ರೈಲು ನಿಲ್ದಾಣ, ಬಸ್ ನಿಲ್ದಾಣ ಇರುವ ಊರುಗಳೇ. ಬೀದಿಯಲ್ಲಿ ಬೆಳೆದ ನಾಯಿ ಒಮ್ಮೆಲೇ ನಾಲ್ಕು ಗೋಡೆಗಳ ನಡುವೆ, ನೂರು ನಾಯಿಗಳ ಬೊಗಳಿಕೆಯ ನಡುವೆ ಬಂದು ನಿಂತಾಗ ಧೈರ್ಯದ ನಾಯಿಯೂ ಕುಗ್ಗುತ್ತದೆ. ಮೊದಲೇ ಅಂಜುವ ನಾಯಿಯ ಗತಿ ಹೇಳಬೇಕಾಗಿಲ್ಲ. ಆಶ್ರಯಧಾಮಕ್ಕೆ ಬಂದವರು ಬಾಲ ಅಲ್ಲಾಡಿಸುತ್ತ ಓಡಿಬರುವ ಮರಿಯನ್ನು ಎತ್ತಿಕೊಳ್ಳುತ್ತಾರೆ. ಮೂಲೆಯಲ್ಲಿರುವುದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ನಾಯಿ ಏಕೆ ಹೆದರುತ್ತದೆ?

ಹೆದರುವ ನಾಯಿಯನ್ನು ಕಂಡರೆ 'ಯಾರೋ ಹೊಡೆದಿರಬೇಕು' ಎಂದು ನಾವು ಊಹಿಸುತ್ತೇವೆ. ಕೆಲವು ಸಲ ಅದು ನಿಜ. ಆದರೆ ಇನ್ನೊಂದು ಕಾರಣವೂ ಇದೆ. ನಾಯಿಮರಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಅವಧಿಯಲ್ಲಿ ಯಾರನ್ನು, ಏನನ್ನು ನೋಡುತ್ತದೋ ಅದನ್ನೇ ಸಹಜ ಎಂದು ಕಲಿಯುತ್ತದೆ. ಆ ಅವಧಿಯಲ್ಲಿ ಮನುಷ್ಯರ ಕೈ ಸೋಕದ ಮರಿಗೆ ಮುಂದೆ ಮನುಷ್ಯರೆಂದರೆ ಅಪರಿಚಿತ ಪ್ರಾಣಿಗಳೇ. ಅದರ ಮೇಲೆ ಯಾರೂ ಕೈ ಮಾಡಿರಬೇಕೆಂದಿಲ್ಲ.

ಹೆದರಿಕೆಯ ಗುರುತುಗಳು ಹೀಗಿರುತ್ತವೆ: ಬಾಲ ಕಾಲ ಸಂದಿಗೆ ಸೇರುವುದು, ಕಿವಿ ಹಿಂದಕ್ಕೆ ಒರಗುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಂಚಿನಲ್ಲಿ ಬಿಳಿ ಕಾಣುವಂತೆ ನೋಡುವುದು, ಕಲ್ಲಿನಂತೆ ಅಲುಗಾಡದೆ ನಿಲ್ಲುವುದು. ಅಲುಗಾಡದೆ ನಿಂತ ನಾಯಿಯನ್ನು 'ಪಾಪ, ಸಾಧು' ಎಂದು ಎತ್ತಿಕೊಳ್ಳುವವರಿದ್ದಾರೆ. ಅದು ಸಾಧುತನವಲ್ಲ, ಓಡಲು ದಾರಿ ಕಾಣದ ಭಯ. ಅಲ್ಲಿಂದ ಮುಂದಿನ ಹೆಜ್ಜೆ ಕಚ್ಚುವುದೇ ಆಗಿರಬಹುದು.

ಮೂರು ಮನೆಗಳ ಉದಾಹರಣೆ

ನಮ್ಮ ಭಾಗದ ಮೂರು ಬಗೆಯ ಮನೆಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯದು ಕಡೂರು ಪೇಟೆಯಲ್ಲಿ ಅಂಗಡಿಯ ಹಿಂದಿನ ಮನೆ. ಮನೆಯವರು ದಯಾವಂತರು, ಇಬ್ಬರು ಸಣ್ಣ ಮಕ್ಕಳಿದ್ದಾರೆ. ಬಾಗಿಲು ನೇರ ರಸ್ತೆಗೆ ತೆರೆಯುತ್ತದೆ, ದಿನವಿಡೀ ಜನ ಬಂದು ಹೋಗುತ್ತಾರೆ. ಸ್ನೇಹದ ನಾಯಿಗೆ ಇದು ಸ್ವರ್ಗ. ಹೆದರುವ ನಾಯಿಗೆ ಪ್ರತಿ ಸಲ ಬಾಗಿಲು ತೆರೆದಾಗಲೂ ಪರೀಕ್ಷೆ. ಒಂದು ಕ್ಷಣ ತಪ್ಪಿಸಿಕೊಂಡರೂ ಹೆದ್ದಾರಿಗೆ ಓಡುತ್ತದೆ. ಕರೆದರೆ ಮರಳಿ ಬರುವಷ್ಟು ನಂಬಿಕೆ ಅದಕ್ಕಿನ್ನೂ ಹುಟ್ಟಿರುವುದಿಲ್ಲ.

ಎರಡನೆಯದು ತರೀಕೆರೆ ಕಡೆಯ ತೋಟದ ಮನೆ. ಎಕರೆಗಟ್ಟಲೆ ಜಾಗವಿದೆ, ನಾಯಿಗೆ ಇದಕ್ಕಿಂತ ಒಳ್ಳೆಯದೇನಿದೆ ಎನ್ನಿಸುತ್ತದೆ. ಆದರೆ ಅಡಿಕೆ ಕೊಯ್ಲು ಬಂದರೆ ಕೂಲಿಯವರು, ಸುಲಿಯುವ ಯಂತ್ರದ ಸದ್ದು, ವಾಹನಗಳ ಓಡಾಟ. ತೋಟದ ಮನೆಯವರಿಗೆ ಸಾಮಾನ್ಯವಾಗಿ ಬೇಕಾಗಿರುವುದು ಕಾವಲಿನ ನಾಯಿ. ಅಂಜುವ ನಾಯಿ ಕಾವಲು ಕಾಯುವುದಿಲ್ಲ, ಅಡಗುತ್ತದೆ. ಭದ್ರಾ ಅರಣ್ಯದ ಅಂಚಿನ ಊರುಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಇದೇ ಮನೆಯಲ್ಲಿ ಬೇಲಿ ಹಾಕಿದ ಹಿತ್ತಲು, ರಾತ್ರಿ ಮಲಗಲು ಒಳಗೆ ಜಾಗ, ಜೊತೆಗೆ ಶಾಂತ ಸ್ವಭಾವದ ಹಳೆಯ ನಾಯಿಯೊಂದು ಇದ್ದರೆ ಮಾತು ಬೇರೆ. ಹೆದರುವ ನಾಯಿ ಮನುಷ್ಯರಿಗಿಂತ ಮೊದಲು ಇನ್ನೊಂದು ನಾಯಿಯನ್ನು ನಂಬುತ್ತದೆ. ಅದು ಮನೆಯವರ ಬಳಿ ನಿರಾತಂಕವಾಗಿ ಹೋಗುವುದನ್ನು ನೋಡಿ ತಾನೂ ಕಲಿಯುತ್ತದೆ.

ಮೂರನೆಯದು ಅಜ್ಜಂಪುರದಲ್ಲಿ ನಿವೃತ್ತ ದಂಪತಿಯ ಮನೆ. ಚಿಕ್ಕದು, ಸುತ್ತ ಕಾಂಪೌಂಡ್ ಇದೆ. ಏಳುವುದು, ಪೂಜೆ, ಊಟ, ವಿಶ್ರಾಂತಿ ಎಲ್ಲವೂ ದಿನವೂ ಅದೇ ಹೊತ್ತಿಗೆ. ಹೆದರುವ ನಾಯಿಗೆ ಮೂರರಲ್ಲಿ ಹೆಚ್ಚು ಹೊಂದುವುದು ಇದೇ. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಾಗುವ ಮನೆಯಲ್ಲಿ ಭಯ ತಾನಾಗಿ ಕರಗುತ್ತದೆ. ಆದರೆ ಇಲ್ಲಿಯೂ ಒಂದು ಪ್ರಶ್ನೆ ಕೇಳಲೇಬೇಕು. ದಂಪತಿ ಶ್ರವಣಬೆಳಗೊಳಕ್ಕೋ ಸಮ್ಮೇದ ಶಿಖರ್ಜಿಗೋ ಯಾತ್ರೆ ಹೋದಾಗ, ಬೆಂಗಳೂರಿನ ಮಗನ ಮನೆಯಲ್ಲಿ ತಿಂಗಳು ಉಳಿದಾಗ, ಆರೋಗ್ಯ ಕೆಟ್ಟಾಗ ನೋಡಿಕೊಳ್ಳುವವರು ಯಾರು? ನಾಯಿಗೆ ಮೊದಲಿನಿಂದಲೇ ಪರಿಚಯವಾದ ಮೂರನೆಯ ವ್ಯಕ್ತಿಯೊಬ್ಬರು ಇರಬೇಕು.

ಅಂದರೆ ಹೊಂದುವ ಮನೆ ಎಂದರೆ ದೊಡ್ಡ ಮನೆ, ಶ್ರೀಮಂತರ ಮನೆ, ಬಹಳ ಮುದ್ದು ಮಾಡುವವರ ಮನೆ ಎಂದಲ್ಲ. ಸದ್ದು ಕಡಿಮೆ, ದಿನಚರಿ ಸ್ಥಿರ, ಆವರಣ ಭದ್ರ, ನಾಯಿಯಿಂದ ಏನನ್ನೂ ಅವಸರದಲ್ಲಿ ನಿರೀಕ್ಷಿಸದ ಮನೆ.

ಕಟ್ಟುವುದೂ ಅತಿಚಾರವೇ

ಕಡೂರಿನ ಕ್ರಿ.ಶ. 971ರ ಶಾಸನವು ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆ ಮೂವತ್ತು ವರ್ಷ ತಪಸ್ಸು ಮಾಡಿ, ಪಂಚವ್ರತಗಳನ್ನು ಪಾಲಿಸಿ ದೇಹ ಬಿಟ್ಟದ್ದನ್ನು ಹೇಳುತ್ತದೆ. ಆ ಐದು ವ್ರತಗಳಲ್ಲಿ ಮೊದಲನೆಯದಾದ ಅಹಿಂಸೆಯನ್ನು ಗೃಹಸ್ಥರು ಅಣುವ್ರತವಾಗಿ ಪಾಲಿಸುತ್ತೇವೆ. ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಕಟ್ಟಿಹಾಕುವುದು. ಇಲ್ಲಿ ವಧ ಎಂದರೆ ಹೊಡೆಯುವುದು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು, ಅನ್ನ ನೀರು ಕೊಡದಿರುವುದು, ಸಾಕಿದ ಪ್ರಾಣಿಯನ್ನು ತೊರೆದು ಬಿಡುವುದು ಅಪರಾಧ. ಕಟ್ಟಿಹಾಕಿದ ಅಂಜುಬುರುಕ ನಾಯಿಗೆ ಓಡುವ ದಾರಿಯೂ ಇಲ್ಲದ್ದರಿಂದ ಅದು ಬೇಗ ಕಚ್ಚುವ ನಾಯಿಯಾಗುತ್ತದೆ. 'ಕಟ್ಟಿಹಾಕಿದರೆ ಸರಿಹೋಗುತ್ತದೆ' ಎಂದುಕೊಂಡಿರುವ ಮನೆಗೆ ಈ ನಾಯಿ ಬೇಡ.

ಮನೆಯ ಹಿರಿಯರೊಡನೆ ಮೊದಲೇ ಮಾತಾಡಬೇಕಾದವು

ಆಹಾರ: ನಾಯಿ ಬೆಕ್ಕಿನಂತೆ ಮಾಂಸವನ್ನೇ ಅವಲಂಬಿಸಿದ ಪ್ರಾಣಿಯಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಬದುಕಿ ಧಾನ್ಯವನ್ನು ಅರಗಿಸಿಕೊಳ್ಳುವ ಶಕ್ತಿ ಪಡೆದಿದೆ. ಹಾಗೆಂದು ಬರೀ ಹಾಲು ಅನ್ನ ಸಾಲದು. ಬೇಳೆ, ಸೋಯಾ, ಪನೀರ್, ಮೊಸರಿನಂಥ ಪ್ರೋಟೀನ್ ಬೇಕು. ಪೂರ್ಣ ಪೋಷಕಾಂಶಗಳಿರುವ ಸಸ್ಯಾಹಾರಿ ನಾಯಿ ಆಹಾರವೂ ಸಿಗುತ್ತದೆ. ಮರಿ, ರೋಗಿ, ಮುದಿ ನಾಯಿಗಳ ವಿಷಯದಲ್ಲಿ ಪಶುವೈದ್ಯರ ಸಲಹೆ ಕಡ್ಡಾಯ. ನಾಯಿ ಈವರೆಗೆ ತಿನ್ನುತ್ತಿದ್ದುದನ್ನು ಕೇಳಿ ತಿಳಿದುಕೊಂಡು, ನಮ್ಮ ಅಡುಗೆಮನೆಯಿಂದ ಏನು ಕೊಡಲು ಸಾಧ್ಯ ಎಂಬುದನ್ನು ಆಶ್ರಯಧಾಮದವರಿಗೆ ಮುಚ್ಚಿಡದೆ ಹೇಳಿ. ಇನ್ನೊಂದು ಸಂಗತಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ರಕ್ತಕಣಗಳನ್ನು ನಾಶಮಾಡುತ್ತವೆ. ಇವನ್ನು ಬಳಸದ ಅಡುಗೆಮನೆ ಆ ಮಟ್ಟಿಗೆ ನಾಯಿಗೆ ಕ್ಷೇಮ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಕೊಡಬಾರದು. ಪ್ರಸಾದದ ಒಣದ್ರಾಕ್ಷಿಯೂ ಬೇಡ.

ಉಣ್ಣೆ, ಚಿಗಟ: ಇದು ನಮ್ಮವರಿಗೆ ನಿಜವಾದ ಸಂದಿಗ್ಧ. ಉಣ್ಣೆಯಿಂದ ಬರುವ ಜ್ವರ ನಾಯಿಯ ಪ್ರಾಣ ತೆಗೆಯಬಲ್ಲದು. ಔಷಧ ಹಾಕಿದರೆ ಉಣ್ಣೆ ಸಾಯುತ್ತದೆ. ಉಣ್ಣೆ ಹತ್ತಿದ ಮೇಲೆ ಕೊಲ್ಲುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವುದರಲ್ಲಿ ಹಿಂಸೆ ಕಡಿಮೆ: ದಿನವೂ ಬಾಚುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಹಿತ್ತಲಿನ ಹುಲ್ಲು ಬೆಳೆಯಲು ಬಿಡದಿರುವುದು. ಆದರೂ ಔಷಧ ಬೇಕಾಗುವ ದಿನ ಬರಬಹುದು. ಗೃಹಸ್ಥರು ಮುಖ್ಯವಾಗಿ ತೊರೆಯುವುದು ಸಂಕಲ್ಪೀ ಹಿಂಸೆಯನ್ನು. ಇದು ಯಾವ ಬಗೆಗೆ ಸೇರುತ್ತದೆ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ. ಬೇಕಾದರೆ ತಿಳಿದವರನ್ನು ಕೇಳಿ. ನಾಯಿ ಜ್ವರದಲ್ಲಿ ಮಲಗಿದ ದಿನ ಚರ್ಚೆ ಆರಂಭಿಸುವುದು ಸರಿಯಲ್ಲ.

ಆಹಾರಚರ್ಯೆ ಮತ್ತು ಪೂಜೆ: ಮುನಿಗಳ ಆಹಾರಚರ್ಯೆ ಇರುವ ದಿನ, ನೆಂಟರಿಷ್ಟರು ಸೇರುವ ದಿನ ನಾಯಿಗೆ ಪ್ರತ್ಯೇಕ ಕೋಣೆ ಇರಲಿ. ಶುದ್ಧಿಗೂ ಅದು ಬೇಕು, ಹೆದರುವ ನಾಯಿಗೂ ಅದೇ ಹಿತ. ದೇವರ ಕೋಣೆ, ಅಡುಗೆಮನೆಗೆ ಅಡ್ಡಗೇಟು ಹಾಕಿದರೆ ಗದರುವ ಪ್ರಮೇಯವೇ ಬರುವುದಿಲ್ಲ.

ದೀಪಾವಳಿ: ಭಗವಾನ್ ಮಹಾವೀರರ ನಿರ್ವಾಣದ ಈ ದಿನವೇ ನಾಯಿಗಳಿಗೆ ವರ್ಷದಲ್ಲಿ ಅತಿ ಕಷ್ಟದ ದಿನ. ನಮ್ಮ ಮನೆಯಲ್ಲಿ ಪಟಾಕಿ ಇಲ್ಲದಿದ್ದರೂ ಬೀದಿಯಲ್ಲಿರುತ್ತದೆ. ಸಂಜೆಗೆ ಮುಂಚೆಯೇ ಓಡಾಡಿಸಿ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಮನೆಯವರೊಬ್ಬರು ಜೊತೆಗಿರಬೇಕು.

ಕರೆತರುವಾಗ ಮತ್ತು ಆಮೇಲೆ

ಬೆಂಗಳೂರಿನ ಕ್ಯೂಪಾ, ಮಂಗಳೂರು ಶಕ್ತಿನಗರದ ಆ್ಯನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಆ್ಯನಿಮಲ್ಸ್ ಮುಂತಾದವು ರಾಜ್ಯದಲ್ಲಿ ಹಲವು ವರ್ಷಗಳಿಂದ ಪ್ರಾಣಿಗಳಿಗೆ ಆಶ್ರಯ ನೀಡುತ್ತಿರುವ ಸಂಸ್ಥೆಗಳು. ಯಾವ ಆಶ್ರಯಧಾಮದಿಂದ ತರುವುದಾದರೂ ಒಂದೇ ಭೇಟಿಯಲ್ಲಿ ಕರೆತರಬೇಡಿ. ಎರಡು ಮೂರು ಸಲ ಹೋಗಿ ನಾಯಿಯ ಸಮೀಪ ಸುಮ್ಮನೆ ಕುಳಿತು ಬನ್ನಿ. ಯಾರಿಗೆ, ಯಾವುದಕ್ಕೆ ಹೆದರುತ್ತದೆ ಎಂದು ಅಲ್ಲಿ ಅನ್ನ ಹಾಕುವವರನ್ನು ಕೇಳಿ. ಗಂಡಸರಿಗೋ, ಕೋಲಿಗೋ, ಮಕ್ಕಳ ಓಟಕ್ಕೋ? ರೇಬೀಸ್ ಲಸಿಕೆ, ಸಂತಾನಹರಣ ಚಿಕಿತ್ಸೆಯ ದಾಖಲೆ ಪಡೆಯಿರಿ. ರೈಲಿನ ಬ್ರೇಕ್ ವ್ಯಾನ್ ಪೆಟ್ಟಿಗೆಯಲ್ಲಿ ಇಂಥ ನಾಯಿಯನ್ನು ತರಬೇಡಿ. ಕಾರಿನಲ್ಲಿ, ಪರಿಚಿತ ವಾಸನೆಯ ಬಟ್ಟೆಯೊಡನೆ ತನ್ನಿ. ಕತ್ತುಪಟ್ಟಿಯಿಂದ ನುಣುಚಿಕೊಳ್ಳುವುದು ಸುಲಭವಾದ್ದರಿಂದ ಎದೆಗೂ ಸುತ್ತುವ ಪಟ್ಟಿ ಬಳಸಿ. ಕಾರಿನ ಬಾಗಿಲು ತೆರೆಯುವ ಮುನ್ನ ಗೇಟು ಮುಚ್ಚಿದೆಯೇ ನೋಡಿ.

ಮನೆಗೆ ಬಂದ ಮೇಲೆ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನಾಯಿ ಸಾಕುವವರು ಹೇಳುತ್ತಾರೆ. ಮೊದಲ ಮೂರು ದಿನ ಅಡಗಿರುತ್ತದೆ, ಊಟ ಬಿಡಬಹುದು. ಮೂರು ವಾರದಲ್ಲಿ ಮನೆಯ ಹೊತ್ತುಗೊತ್ತು ತಿಳಿಯುತ್ತದೆ. ಮೂರು ತಿಂಗಳಿಗೆ ಇದು ತನ್ನ ಮನೆ ಎನ್ನಿಸತೊಡಗುತ್ತದೆ. ಹೆದರುವ ನಾಯಿಗೆ ಇದರ ಎರಡರಷ್ಟು, ಮೂರರಷ್ಟು ಕಾಲ ಹಿಡಿದರೂ ಸಹಜ. ಈ ಅವಧಿಯಲ್ಲಿ ಒಂದು ಮೂಲೆ ಪೂರ್ತಿ ಅದರದೇ ಆಗಿರಲಿ. ಅಲ್ಲಿಗೆ ಯಾರೂ ಕೈ ಹಾಕಬಾರದು. ದಿಟ್ಟಿಸಿ ನೋಡಬೇಡಿ, ತಲೆಯ ಮೇಲೆ ಕೈ ಒಯ್ಯಬೇಡಿ, ಮೇಲೆ ಬಾಗಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ಮೆಲ್ಲಗೆ ಓದಿಕೊಳ್ಳಿ. ಆಗಾಗ ಒಂದು ಪನೀರ್ ಚೂರು ದೂರದಲ್ಲಿಡಿ. ಹತ್ತಿರ ಬರುವ ನಿರ್ಧಾರ ನಾಯಿಯದಾಗಿರಲಿ. ಪಶುವೈದ್ಯರಿಗೆ ತೋರಿಸಿದ ಮೇಲೂ ಎರಡು ದಿನ ಏನೂ ತಿನ್ನದಿದ್ದರೆ ಮತ್ತೆ ಕೇಳಿ.

ಮಕ್ಕಳಿಗೆ ಹೇಳಬೇಕಾದ ನಿಯಮ ಒಂದೇ: ಮಲಗಿದ, ತಿನ್ನುತ್ತಿರುವ, ಅಡಗಿದ ನಾಯಿಯ ಬಳಿ ಹೋಗಬಾರದು. ಅಕಸ್ಮಾತ್ ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು, ನಾಯಿಗೆ ಲಸಿಕೆ ಆಗಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

'ನಮ್ಮಿಂದಾಗದು' ಎನ್ನುವುದೂ ದಯೆಯೇ

ಕರುಣೆಯಿಂದ ಕರೆತಂದು, ಎರಡು ತಿಂಗಳಲ್ಲಿ ಬೇಸತ್ತು ಮರಳಿ ಬಿಟ್ಟರೆ ನಾಯಿ ಮೊದಲಿಗಿಂತ ಹೆಚ್ಚು ಹೆದರುತ್ತದೆ. ಮುಂದಿನ ಮನೆ ಇನ್ನೂ ಕಷ್ಟವಾಗುತ್ತದೆ. ನಿಮ್ಮ ಮನೆ ಮೊದಲನೆಯ ಉದಾಹರಣೆಯಂತಿದ್ದರೆ ಹೆದರದ ನಾಯಿಯನ್ನು ತನ್ನಿ. ಯಾವುದೂ ಆಗದಿದ್ದರೆ ಒಂದು ನಾಯಿಯ ಔಷಧದ ಖರ್ಚು ಹೊತ್ತುಕೊಳ್ಳಿ, ವಾರಕ್ಕೊಮ್ಮೆ ಆಶ್ರಯಧಾಮಕ್ಕೆ ಹೋಗಿ ಅಂಜುವ ನಾಯಿಯ ಬಳಿ ಅರ್ಧ ಗಂಟೆ ಕುಳಿತು ಬನ್ನಿ. ಅದು ಮನುಷ್ಯರಿಗೆ ಒಗ್ಗಿಕೊಂಡಷ್ಟೂ ಅದಕ್ಕೆ ಮನೆ ಸಿಗುವ ದಾರಿ ಹತ್ತಿರವಾಗುತ್ತದೆ.

ಜೀವಂಧರ ಕುಮಾರನ ಕಥೆ ನಮ್ಮಲ್ಲಿ ಬಹುತೇಕರಿಗೆ ಗೊತ್ತು. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಅದನ್ನು ಕಾವ್ಯವಾಗಿಸಿದ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯನ್ನು ಬದುಕಿಸುವುದು ಜೀವಂಧರನಿಂದಲೂ ಆಗಲಿಲ್ಲ. ಆತ ಅದನ್ನು ಬಿಟ್ಟುಹೋಗದೆ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಿದ. ಆ ನಾಯಿ ಯಕ್ಷನಾಗಿ ಹುಟ್ಟಿತು ಎನ್ನುತ್ತದೆ ಕಥೆ. ನಮ್ಮೂರ ನಾಯಿಗಳಿಗೆ ಬದುಕಿರುವಾಗಲೇ ಅಷ್ಟು ಸಮಾಧಾನ ಕೊಡಲು ನಮ್ಮಿಂದ ಸಾಧ್ಯವಿದೆ.

ಜೈ ಜಿನೇಂದ್ರ.