ಗಣಕಯಂತ್ರದ ವೇಗವರ್ಧನ ವಿಚಾರ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ದೇವರ ದಾಸಿಮಯ್ಯನ ಮುದನೂರಿಗೂ ಕಾಲಜ್ಞಾನ ಸಾಹಿತ್ಯದ ಕೊಡೇಕಲ್ಲಿಗೂ ತೌರಾದುದೆಂಬುದು ವಿದ್ವಜ್ಜನರಿಗೆ ವಿದಿತವೇ ಇದೆ. ಈ ಸೀಮೆಯ ಓಲೆಗರಿಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿಟ್ಟು ಪಾಠಶೋಧನೆ ಮಾಡುತ್ತಿರುವ ತರುಣ ಅಧ್ಯಾಪಕರೊಬ್ಬರು, ತಮ್ಮ ಯಂತ್ರವು ಮಂದಗತಿಯದಾದ ಕಾರಣ ಅದರ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿಸುವುದು ಲಾಭದಾಯಕವೇ ಎಂದು ನನ್ನನ್ನು ಪ್ರಶ್ನಿಸಿದರು. ಬಲ್ಲವರಿಂದ ತಿಳಿದು ನಿಶ್ಚಯಿಸಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಲಕ್ಷಣ. ಪ್ರೊಸೆಸರು ತಾಳದ ಪೆಟ್ಟಿಗೆ ಸರಿಯಾಗಿ ಹೆಜ್ಜೆಯಿಡುವಂಥದು. ತಯಾರಕರು ನಿಯಮಿಸಿದ ತಾಳಗತಿಯನ್ನು ಮೀರಿ ಅದನ್ನು ನಡೆಯಿಸುವುದೇ ಓವರ್‌ಕ್ಲಾಕಿಂಗ್. ಇದನ್ನು ವೇಗವರ್ಧನವೆಂದು ಕರೆಯೋಣ.

ಪೂರ್ವಪಕ್ಷವು ದುರ್ಬಲವಲ್ಲ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬುದು 300 ಮೆಗಾಹರ್ಟ್ಸ್ ಗತಿಯದು. ಬಸ್ಸಿನ ಗತಿಯನ್ನು 66ರಿಂದ 100ಕ್ಕೆ ಏರಿಸಿದ ಮಾತ್ರಕ್ಕೆ ಅನೇಕರಲ್ಲಿ ಅದು 450ರಲ್ಲಿ ನಡೆಯಿತು. ಅಲ್ಪಮೂಲ್ಯಕ್ಕೆ ಅರ್ಧದಷ್ಟು ಅಧಿಕ ವೇಗ! ಹೀಗಿರಲು ವೇಗವರ್ಧನವು ಏಕೆ ಬೇಡ?

ಸಿದ್ಧಾಂತವನ್ನು ಹೇಳುವೆವು. ಆ ಕಾಲವು ಕಳೆಯಿತು. 2008ರಿಂದೀಚೆಗೆ ಇಂಟೆಲ್ಲಿನವರೂ, ಅನಂತರ ಇತರರೂ, ಅನುಕೂಲವಿದ್ದಾಗ ಪ್ರೊಸೆಸರು ತಾನಾಗಿಯೇ ವೇಗವೇರಿಸಿಕೊಳ್ಳುವಂತೆ ಮಾಡಿದ್ದಾರೆ. ಆದುದರಿಂದ ನಮಗೆ ಉಳಿದಿರುವ ಅವಕಾಶವು ಸ್ವಲ್ಪ. ನೂರಕ್ಕೆ ಹತ್ತು ವೇಗ ದೊರೆಯಿತೆಂದೇ ಇಟ್ಟುಕೊಳ್ಳಿರಿ. ಒಂದು ಗಂಟೆಯ ಕೆಲಸದಲ್ಲಿ ಪ್ರೊಸೆಸರಿನ ಪಾಲು ನೂರಕ್ಕೆ ಅರವತ್ತಾದರೆ ಉಳಿಯುವುದು ಮೂರೂಕಾಲು ನಿಮಿಷ ಮಾತ್ರ. ಭಾಗವನ್ನು ತ್ವರೆಗೊಳಿಸಿದರೆ ಸಮಸ್ತವೂ ಅಷ್ಟೇ ತ್ವರೆಗೊಳ್ಳದೆಂಬ ಈ ನ್ಯಾಯವನ್ನು 1967ರಲ್ಲಿ ಆಮ್ಡಾಲ್ ಎಂಬವರು ಪ್ರತಿಪಾದಿಸಿದರು.

ಇದಕ್ಕೆ ತೆರುವ ಬೆಲೆಯೇನು? ವಿದ್ಯುತ್ತಿನ ವೆಚ್ಚವು ಗತಿಯೊಡನೆಯೂ ವೋಲ್ಟೇಜಿನ ವರ್ಗದೊಡನೆಯೂ ಬೆಳೆಯುವುದು. ಎರಡನ್ನೂ ಹತ್ತರಷ್ಟು ಏರಿಸಿದರೆ ತಾಪವು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಕೋಣೆಯ ಉಷ್ಣಕ್ಕಿಂತ 50 ಡಿಗ್ರಿ ಮೇಲಿರುತ್ತಿದ್ದ ಪ್ರೊಸೆಸರು ಆಗ ಸುಮಾರು 66 ಡಿಗ್ರಿ ಮೇಲೇರುವುದು. ಮೈಸೂರಿನ 25 ಡಿಗ್ರಿಯ ಕೋಣೆಯಲ್ಲಿ ಅದು 91; ವೈಶಾಖದ ಯಾದಗಿರಿಯಲ್ಲಿ 40 ಡಿಗ್ರಿಯ ಕೋಣೆಯಲ್ಲಾದರೋ 106. ಸುಮಾರು 100ರಲ್ಲಿ ಯಂತ್ರವು ಆತ್ಮರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುವುದರಿಂದ, ಪಡೆದುದೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುವುದು.

ಇವೆಲ್ಲವೂ ಸಹ್ಯವೆನ್ನೋಣ. ಸಹಿಸಲಾಗದ ದೋಷವೊಂದುಂಟು. ಮಿತಿಮೀರಿ ಓಡಿಸಿದ ಪ್ರೊಸೆಸರು ಒಮ್ಮೊಮ್ಮೆ ನಿಲ್ಲದೆಯೇ ತಪ್ಪುವುದು. ಯೂನಿಕೋಡಿನಲ್ಲಿ ಕಕಾರದ ಸಂಖ್ಯೆ 3221, ಗಕಾರದ್ದು 3223. ದ್ವಿಮಾನ ಬರಹದಲ್ಲಿ ಇವೆರಡಕ್ಕೂ ಭೇದವು ಒಂದೇ ಒಂದು ಅಂಕಸ್ಥಾನದಲ್ಲಿ. ಅದೊಂದು ಕೆಟ್ಟಿತೆಂದರೆ ‘ಕರಿ’ ಎಂಬುದು ‘ಗರಿ’ಯಾಗುತ್ತದೆ, ಆನೆಯು ರೆಕ್ಕೆಯ ಪುಕ್ಕವಾಗುತ್ತದೆ. ಎರಡೂ ಸಾಧುಶಬ್ದಗಳಾದುದರಿಂದ ತಿದ್ದುವವರಿಗೆ ಶಂಕೆಯೇ ಹುಟ್ಟದು. ಮುಂದಿನ ಸಂಪಾದಕರು ಅದನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಮನ್ನಿಸಿಯಾರು! ಓಲೆಯ ಲಿಪಿಕಾರನ ಪ್ರಮಾದಕ್ಕೆ ಅಕ್ಷರಸಾಮ್ಯವೋ ಕಿವಿಯ ಭ್ರಾಂತಿಯೋ ಕಾರಣವೆಂದು ಊಹಿಸಬಹುದು. ಈ ಪ್ರಮಾದಕ್ಕಾದರೋ ಊಹೆಗೆ ಆಧಾರವೇ ಇಲ್ಲ.

ಇದು ಬರಿಯ ಭೀತಿಯಲ್ಲ. ಇಂಟೆಲ್ಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಮೇಜುಗಣಕ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾದುವೆಂದು 2024ರಲ್ಲಿ ತಯಾರಕರೇ ಒಪ್ಪಿ, ತಿದ್ದುಪಡಿಯನ್ನೂ ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿದರು. ತಯಾರಕರ ನಿಯಮದೊಳಗೇ ಹೀಗಾದರೆ, ನಿಯಮವನ್ನು ಮೀರಿದವರ ಪಾಡೇನು?

ಹಾಗಾದರೆ ವೇಗವರ್ಧನವು ಸರ್ವಥಾ ತ್ಯಾಜ್ಯವೇ? ಅಲ್ಲ. ಆಟಕ್ಕಾಗಿಯೋ ಪ್ರಯೋಗದ ಕುತೂಹಲಕ್ಕಾಗಿಯೋ ಯಂತ್ರವಿಟ್ಟವರು, ಒಳ್ಳೆಯ ಶೈತ್ಯಸಾಧನವನ್ನಿಟ್ಟು, ಬಹುಕಾಲ ಪರೀಕ್ಷಿಸಿ ಮಾಡಿಕೊಳ್ಳಲಿ. ಪಾಠಶೋಧಕನ ಮಾರ್ಗ ಬೇರೆ. ಆತನು ಅದೇ ಹಣದಿಂದ ಸ್ಮೃತಿಯನ್ನು ಹೆಚ್ಚಿಸಲಿ, ಹಳೆಯ ತಿರುಗುವ ಡಿಸ್ಕನ್ನು ಬಿಟ್ಟು ಎಸ್‌ಎಸ್‌ಡಿಯನ್ನು ಕೂಡಿಸಲಿ, ಫ್ಯಾನಿನಲ್ಲಿ ಸೇರಿದ ಎರೆಮಣ್ಣಿನ ಧೂಳನ್ನು ತೆಗೆಯಿಸಲಿ. ಬೇಸಗೆಯಲ್ಲಿ ದೀರ್ಘ ಗಣನೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಲಿ. ಮಂದವಾದ ಯಂತ್ರವು ನಮ್ಮ ಮೂರು ನಿಮಿಷಗಳನ್ನು ಕೊಂಡೀತು. ತಪ್ಪುವ ಯಂತ್ರವು ಪೂರ್ವಿಕರ ಮಾತನ್ನೇ ಕೊಂಡೊಯ್ಯುವುದು. ಪ್ರಶ್ನಿಸಿದ ಮಿತ್ರರಿಗೆ ನನ್ನ ಉತ್ತರವು ಇಷ್ಟೇ.