ವೈದ್ಯವಿದ್ಯೆಯ ಹೊಸ್ತಿಲಲ್ಲಿ: ಮೂರು ವಿಜ್ಞಾನಗಳು, ಎರಡು ವರ್ಷಗಳು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಮಾರ್ಗದಲ್ಲಿ ಪಾಪಿನಾಯಕನಹಳ್ಳಿ ಎಂಬ ಗ್ರಾಮವುಂಟು. ಅದರ ದಕ್ಷಿಣಕ್ಕೆ ಕಬ್ಬಿಣದ ಅದಿರಿಗೆ ಹೆಸರಾದ ಸಂಡೂರಿನ ಬೆಟ್ಟಗಳು. ಪಶ್ಚಿಮಕ್ಕೆ ಹೊಸಪೇಟೆ ಮತ್ತು ತುಂಗಭದ್ರೆಯ ಜಲಾಶಯ. ಅದಿರಿನ ಕೆಂಪು ಧೂಳು ಈ ಸೀಮೆಯ ಜನರಿಗೆ ಅಪರಿಚಿತವಲ್ಲ. ಇಂತಹ ಊರಿನ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಬಾಲಕಿಯೊಬ್ಬಳು ತಾನು ವೈದ್ಯಳಾಗಬೇಕೆಂದು ಸಂಕಲ್ಪಿಸಿದಳೆನ್ನಿ. ಮುಂದಿನ ಎರಡು ವರ್ಷಗಳಲ್ಲಿ ಅವಳು ಏನನ್ನು ಓದಬೇಕು? ಯಾವ ಕ್ರಮದಲ್ಲಿ ಓದಬೇಕು? ಯಾವ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಒಂದು ವರ್ಷವನ್ನೋ ಎರಡು ವರ್ಷಗಳನ್ನೋ ಕಳೆದುಕೊಳ್ಳುವ ವಿದ್ಯಾರ್ಥಿಗಳು ನಾಡಿನಲ್ಲಿ ಅನೇಕರು. ಆದಕಾರಣ ಈ ವಿಷಯವನ್ನು ಮೂಲದಿಂದ ವಿಚಾರಿಸುವುದು ಉಚಿತ.

ಮೂರು ವಿಜ್ಞಾನಗಳು ಏಕೆ?

ವೈದ್ಯನಾಗುವವನಿಗೆ ಜೀವವಿಜ್ಞಾನ ಬೇಕೆಂಬುದು ಯಾರಿಗಾದರೂ ತಿಳಿದೀತು. ಆದರೆ ಭೌತವಿಜ್ಞಾನವೂ ರಸಾಯನವಿಜ್ಞಾನವೂ ಏತಕ್ಕೆ? ಮೇಲೆ ಹೇಳಿದ ಕೆಂಪು ಧೂಳಿನ ಒಂದು ಕಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ನಿಶ್ಚಲವಾದ ಗಾಳಿಯಲ್ಲಿ ಸಣ್ಣ ಕಣವೊಂದು ಕೆಳಗಿಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಇದು ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರೋಮೀಟರ್ ಎಂದು ಹೆಸರು. 10 ಮೈಕ್ರೋಮೀಟರ್ ವ್ಯಾಸದ ಅದಿರಿನ ಕಣವು ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕಿಳಿಯಲು ಸುಮಾರು ಒಂದೂವರೆ ನಿಮಿಷ ಸಾಕು. ವ್ಯಾಸವು 1 ಮೈಕ್ರೋಮೀಟರಿಗೆ ಇಳಿದರೆ ವೇಗವು ಸುಮಾರು ನೂರರಲ್ಲೊಂದು ಭಾಗವಾಗುವುದರಿಂದ ಅದೇ ದೂರಕ್ಕೆ ಎರಡು ಗಂಟೆಗೂ ಹೆಚ್ಚು ಕಾಲ ಬೇಕು. ದೊಡ್ಡ ಕಣಗಳು ಬೇಗನೆ ನೆಲ ಸೇರುತ್ತವೆ. ಉಸಿರಿನಲ್ಲಿ ಬಂದರೂ ಬಹುಪಾಲು ಮೂಗು ಗಂಟಲುಗಳಲ್ಲಿಯೇ ಸಿಕ್ಕಿಬೀಳುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಾದರೋ ಗಂಟೆಗಟ್ಟಲೆ ತೇಲಾಡಿ, ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಪ್ರವೇಶಿಸಬಲ್ಲವು. ಯಾವ ಧೂಳಿಗೆ ಹೆಚ್ಚು ಹೆದರಬೇಕೆಂಬುದನ್ನು ಇಲ್ಲಿ ಮೊದಲು ತಿಳಿಸಿದ್ದು ಭೌತವಿಜ್ಞಾನ.

ಕಣವು ಗೂಡನ್ನು ಸೇರಿದ ಮೇಲೆ ಅದರ ರಾಸಾಯನಿಕ ಸ್ವರೂಪ ಮುಖ್ಯವಾಗುವುದು. ಸಂಡೂರಿನ ಅದಿರಿನ ಮುಖ್ಯ ಖನಿಜ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡು. ಅದರೊಡನೆ ಆ ಬೆಟ್ಟಗಳಲ್ಲಿ ಸಿಲಿಕಾಯುಕ್ತವಾದ ಪಟ್ಟೆಪಟ್ಟೆಯ ಶಿಲೆಯೂ ಉಂಟು. ಶುದ್ಧ ಕಬ್ಬಿಣದ ಆಕ್ಸೈಡು ಶ್ವಾಸಕೋಶದಲ್ಲಿ ಶೇಖರವಾದರೂ ಅದರ ಹಾವಳಿ ಬಹುಮಟ್ಟಿಗೆ ಸೌಮ್ಯ. ಆ ಸ್ಥಿತಿಗೆ ಸೈಡರೋಸಿಸ್ ಎಂದು ಹೆಸರು. ಸ್ಫಟಿಕರೂಪದ ಸಿಲಿಕಾ ಹಾಗಲ್ಲ. ಅದರಿಂದ ಸಿಲಿಕೋಸಿಸ್ ಎಂಬ ಘೋರ ವ್ಯಾಧಿ ಉಂಟಾಗುವುದು. ನೋಡುವುದಕ್ಕೆ ಎರಡೂ ಧೂಳೇ. ಪರಿಣಾಮದಲ್ಲಿ ಎಷ್ಟೊಂದು ಅಂತರ! ಈ ಭೇದವನ್ನು ತಿಳಿಸುವುದು ರಸಾಯನವಿಜ್ಞಾನ.

ಇನ್ನು ಗಾಳಿಗೂಡಿನಲ್ಲಿ ಕಾವಲುಗಾರರಂತೆ ಸಂಚರಿಸುವ ಭಕ್ಷಕ ಜೀವಕೋಶಗಳಿವೆ. ಅವು ಸಿಲಿಕಾ ಕಣವನ್ನು ನುಂಗುತ್ತವೆ. ಆದರೆ ಜೀರ್ಣಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಅವುಗಳಿಂದ ಹೊರಬಿದ್ದ ದ್ರವ್ಯಗಳು ಸುತ್ತಣ ಅಂಗಾಂಶವನ್ನು ಕೆರಳಿಸಿ ನಾರುಗಟ್ಟಿಸುತ್ತವೆ. ಮೃದುವಾಗಿ ಹಿಗ್ಗಬೇಕಾದ ಶ್ವಾಸಕೋಶ ಗಡುಸಾಗುವುದು. ಇದು ಜೀವವಿಜ್ಞಾನದ ಭಾಗ. ಒಂದು ಧೂಳಿನ ಕಣದ ಕಥೆಗೇ ಮೂರು ವಿಜ್ಞಾನಗಳು ಬೇಕಾದುವು. ರೋಗಿಯ ಎದೆಗೆ ಶ್ರವಣನಳಿಕೆಯನ್ನಿಟ್ಟು ಆಲಿಸುವ ವೈದ್ಯನು ಈ ಮೂರನ್ನೂ ಒಂದೇ ಗಳಿಗೆಯಲ್ಲಿ ಬಳಸುತ್ತಾನೆ.

ಗಣಿತದ ಸ್ಥಾನ

ವೈದ್ಯಕೀಯ ಪ್ರವೇಶಕ್ಕೆ ಗಣಿತ ಕಡ್ಡಾಯವಲ್ಲ. ಹಾಗೆಂದು ಅದು ನಿರರ್ಥಕವೆಂದು ಭಾವಿಸಬಾರದು. ರಕ್ತದ ಪಿ.ಎಚ್. ಬೆಲೆ ಆರೋಗ್ಯದಲ್ಲಿ 7.35ರಿಂದ 7.45ರ ನಡುವೆ ಇರುತ್ತದೆ. ಅದು 7.4ರಿಂದ 7.1ಕ್ಕೆ ಇಳಿಯಿತೆಂದರೆ ಸಾಮಾನ್ಯನಿಗೆ ಅಲ್ಪ ವ್ಯತ್ಯಾಸವೆನಿಸೀತು. ಲಾಗರಿದಮ್ ತಿಳಿದವನಿಗೆ ಮಾತ್ರ ರಕ್ತದಲ್ಲಿ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಇಮ್ಮಡಿಯಾಗಿದೆಯೆಂದು ಕೂಡಲೇ ಹೊಳೆಯುವುದು. ಹಾಗೆಯೇ ದ್ರವ ಅಥವಾ ಗಾಳಿ ನಯವಾಗಿ ಹರಿಯುವ ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವಿಗೆ ಒದಗುವ ಪ್ರತಿರೋಧ ಎರಡರಷ್ಟಲ್ಲ, ಹದಿನಾರರಷ್ಟಾಗುವುದು. ಉಬ್ಬಸದ ರೋಗಿಯ ಸಂಕಟಕ್ಕೆ ಈ ನಾಲ್ಕನೆಯ ಘಾತದ ಲೆಕ್ಕವೇ ಒಂದು ಮುಖ್ಯ ಕಾರಣ. ಆದ್ದರಿಂದ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ ಎಂಬ ನಾಲ್ಕು ವಿಷಯಗಳ ಗುಂಪು ಶ್ರಮದಾಯಕವಾದರೂ ಲಾಭದಾಯಕ. ಅದರಿಂದ ವೈದ್ಯಕೀಯ, ತಾಂತ್ರಿಕ ಎಂಬ ಎರಡು ದಾರಿಗಳೂ ತೆರೆದಿರುತ್ತವೆ.

ಪದ್ಧತಿ ಬೆಳೆದ ಬಗೆ

ವೈದ್ಯವಿದ್ಯೆಗೆ ಮುನ್ನ ವಿಜ್ಞಾನವನ್ನು ಕಲಿತಿರಬೇಕೆಂಬ ನಿಯಮ ಬಹಳ ಹಳೆಯದೇನೂ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆ 1893ರಲ್ಲಿ ಆರಂಭವಾದಾಗ ಪದವಿಯನ್ನೂ ವಿಜ್ಞಾನದ ಪೂರ್ವಸಿದ್ಧತೆಯನ್ನೂ ಕೇಳಿದ್ದು ಆ ಕಾಲಕ್ಕೆ ಹೊಸ ಸಂಗತಿಯಾಗಿತ್ತು. 1910ರಲ್ಲಿ ಪ್ರಕಟವಾದ ಏಬ್ರಹಾಂ ಫ್ಲೆಕ್ಸ್ನರನ ವರದಿಯು ಅಲ್ಲಿಯ ದುರ್ಬಲ ವೈದ್ಯಶಾಲೆಗಳನ್ನು ಬಯಲಿಗೆಳೆದು, ಇಂತಹ ಪೂರ್ವಸಿದ್ಧತೆಯನ್ನು ಬಲವಾಗಿ ಶಿಫಾರಸು ಮಾಡಿತು.

ಇಂದು ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬದ ಮಗನೊಬ್ಬ ವೈದ್ಯನಾಗಬೇಕಾದರೆ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷಗಳ ಪದವಿಯನ್ನು ಪಡೆಯಬೇಕು. ವೆಚ್ಚವನ್ನು ಉಳಿಸಲು ಕೆಲವರು ಮೊದಲಿನ ಎರಡು ವರ್ಷ ಸ್ಥಳೀಯ ಸಮುದಾಯ ಕಾಲೇಜಿನಲ್ಲಿ ಓದಿ, ಅನಂತರ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವುದುಂಟು. ಅಲ್ಲಿಯ ತೊಡಕು ವಿಷಯಗಳ ಸರಪಣಿಯಲ್ಲಿದೆ. ಸಾಮಾನ್ಯ ರಸಾಯನವಿಜ್ಞಾನ ಮುಗಿಯದೆ ಸಾವಯವ ರಸಾಯನವಿಜ್ಞಾನಕ್ಕೆ ಪ್ರವೇಶವಿಲ್ಲ. ಅದಿಲ್ಲದೆ ಜೀವರಸಾಯನವಿಜ್ಞಾನಕ್ಕೆ ಕೈಹಾಕುವಂತಿಲ್ಲ. ಮೊದಲ ವರ್ಷದಲ್ಲಿ ಒಂದು ಕೊಂಡಿ ತಪ್ಪಿದರೆ ಮುಂದಿನ ಕೊಂಡಿಗಳೆಲ್ಲ ಒಂದೊಂದು ವರ್ಷ ಹಿಂದಕ್ಕೆ ಸರಿಯುವುವು. ಆದರೂ ಆ ಪದ್ಧತಿಯಲ್ಲಿ ಒಂದು ಸೌಕರ್ಯವಿದೆ: ಇಪ್ಪತ್ತು ವರ್ಷ ವಯಸ್ಸಿನಲ್ಲಿಯೂ ಮನಸ್ಸನ್ನು ಬದಲಾಯಿಸಿ, ತಪ್ಪಿದ ವಿಷಯವನ್ನು ಓದಿ ಸೇರಿಸಿಕೊಳ್ಳಬಹುದು.

ನಮ್ಮಲ್ಲಿ ಆ ಎರಡು ವರ್ಷಗಳ ಸ್ಥಾನದಲ್ಲಿರುವುದು ಪದವಿಪೂರ್ವ ಶಿಕ್ಷಣ. ಹತ್ತನೆಯ ತರಗತಿಯಾದ ಕೂಡಲೇ, ಹದಿನೈದು ಹದಿನಾರರ ಹರೆಯದಲ್ಲಿ, ನಿರ್ಣಯವನ್ನು ಕೈಗೊಳ್ಳಬೇಕಾಗುವುದು. ಬಿ.ಎಸ್ಸಿ. ಪದವಿ ಪಡೆದು ವೈದ್ಯಕೀಯ ಶಿಕ್ಷಣದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಮಾರ್ಗ ನಮ್ಮಲ್ಲಿಲ್ಲ. ಡಿಪ್ಲೊಮಾ ಪಡೆದವರು ಎಂಜಿನಿಯರಿಂಗಿನ ಎರಡನೆಯ ವರ್ಷವನ್ನು ಸೇರುವಂತೆ ಇಲ್ಲಿ ಪಕ್ಕದ ಬಾಗಿಲಿಲ್ಲ. ಎಲ್ಲರೂ ಮೊದಲನೆಯ ಮೆಟ್ಟಿಲಿನಿಂದಲೇ ಏರಬೇಕು.

ಮುಚ್ಚುವ ಬಾಗಿಲು

ವೈದ್ಯಕೀಯ ಪ್ರವೇಶಕ್ಕೆ ಬೇಕಾದ ಅರ್ಹತೆ ಹೀಗಿದೆ: ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಅಥವಾ ಜೈವಿಕ ತಂತ್ರವಿಜ್ಞಾನ, ಮತ್ತು ಇಂಗ್ಲಿಷ್ ಇವುಗಳಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಿರಬೇಕು. ವಿಜ್ಞಾನ ವಿಷಯಗಳು ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇಕಡಾ 50, ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ ಹಾಗೂ ಹಿಂದುಳಿದ ವರ್ಗಗಳಿಗೆ ಶೇಕಡಾ 40 ಅಂಕಗಳು ಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ರೊಳಗೆ 17 ವರ್ಷ ತುಂಬಬೇಕು. ಇದರ ಮೇಲೆ ನೀಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ.

ಇಲ್ಲಿ ಎಡವುವವರು ಯಾರೆಂದರೆ, ಜೀವವಿಜ್ಞಾನದ ಬದಲು ಗಣಕವಿಜ್ಞಾನವಿರುವ ಗುಂಪನ್ನು ಆರಿಸಿಕೊಂಡು, ಅನಂತರ ವೈದ್ಯಕೀಯದತ್ತ ಮನಸ್ಸು ಹರಿಸಿದವರು. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ ಪ್ರಕಟಣೆಯಂತೆ, ಹನ್ನೆರಡನೆಯ ತರಗತಿಯ ಅನಂತರ ಜೀವವಿಜ್ಞಾನವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯೊಂದರಿಂದ ಉತ್ತೀರ್ಣರಾದವರೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಬಾಗಿಲು ಈಗ ಪೂರ್ಣವಾಗಿ ಮುಚ್ಚಿಲ್ಲವೆಂಬುದು ಸಮಾಧಾನದ ಮಾತು. ಆದರೂ ಎರಡು ವರ್ಷದ ಪಾಠವನ್ನು ಹಿಂದಿನಿಂದ ಓದಿ ಮುಗಿಸುವ ಕಷ್ಟ ತಪ್ಪದು. ಸಂದೇಹವಿದ್ದಾಗ ಜೀವವಿಜ್ಞಾನವನ್ನು ಬಿಡದಿರುವುದೇ ಲೇಸು.

ಮೊದಲ ವರ್ಷದ ಮಹತ್ವ

2025ರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿದ್ದುವು: ಜೀವವಿಜ್ಞಾನದಲ್ಲಿ 90, ಉಳಿದೆರಡರಲ್ಲಿ ತಲಾ 45. ಸರಿಯುತ್ತರಕ್ಕೆ 4 ಅಂಕ. ತಪ್ಪಿಗೆ 1 ಅಂಕ ಕಡಿತ. ಒಟ್ಟು 720 ಅಂಕ. ಕಾಲ ಮೂರು ಗಂಟೆ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಪ್ರಶ್ನೆಗಳು ಎರಡೂ ವರ್ಷದ ಪಾಠಗಳಿಂದ ಬರುತ್ತವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಪ್ರಮಾಣಪತ್ರಕ್ಕೆ ಎಣಿಕೆಯಾಗುವುದು ದ್ವಿತೀಯ ವರ್ಷದ ಪರೀಕ್ಷೆಯಾದುದರಿಂದ, ಮೊದಲ ವರ್ಷವನ್ನು ವಿಶ್ರಾಂತಿಯ ವರ್ಷವೆಂದು ಬಗೆಯುವ ವಾಡಿಕೆ ನಮ್ಮಲ್ಲಿದೆ. ಇದು ದುಬಾರಿಯ ವಾಡಿಕೆ.

ಏಕೆಂದರೆ ನಮ್ಮಲ್ಲಿಯೂ ಸರಪಣಿಯುಂಟು. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಮೋಲ್ ಎಂಬ ಪರಿಮಾಣ, ಪರಮಾಣು ರಚನೆ, ರಾಸಾಯನಿಕ ಬಂಧ, ಸಮತೋಲ ಇವು ಮೊದಲ ವರ್ಷದವು. ದ್ರಾವಣಗಳು, ವಿದ್ಯುದ್ರಸಾಯನ, ಸಾವಯವ ಕ್ರಿಯೆಗಳು ಎರಡನೆಯ ವರ್ಷದವು. ಮೋಲ್ ಅರ್ಥವಾಗದವನಿಗೆ ದ್ರಾವಣದ ಲೆಕ್ಕ ಬಾರದು. ಬಂಧ ತಿಳಿಯದವನಿಗೆ ಸಾವಯವ ರಸಾಯನ ಬರಿಯ ಕಂಠಪಾಠವಾಗುವುದು. ಜೀವವಿಜ್ಞಾನದಲ್ಲಿ ಜೀವಕೋಶವೂ, ಉಸಿರಾಟ, ರಕ್ತಪರಿಚಲನೆ, ನರಮಂಡಲ ಮುಂತಾದ ಮಾನವ ಶರೀರಕ್ರಿಯೆಯೂ ಮೊದಲ ವರ್ಷದಲ್ಲಿಯೇ ಬರುವುವು. ಆನುವಂಶಿಕತೆಯೂ ಸಂತಾನೋತ್ಪತ್ತಿಯೂ ಎರಡನೆಯದರಲ್ಲಿ. ವೈದ್ಯವೃತ್ತಿಗೆ ಅತ್ಯಂತ ಸಮೀಪದ ಭಾಗವೇ ಮೊದಲ ವರ್ಷಕ್ಕೆ ಸೇರಿದೆ. ಆದುದರಿಂದ ಮೊದಲ ವರ್ಷದ ಕೊನೆಯ ರಜೆಯನ್ನು ಹೊಸ ಪಾಠಕ್ಕಿಂತ ಹಳೆಯ ಪಾಠದ ಪುನರಾವರ್ತನೆಗೆ ಮೀಸಲಿಡುವುದು ಬುದ್ಧಿವಂತಿಕೆ.

ಭಾಷೆಯ ಹೊಳೆ

ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ವಿದ್ಯಾರ್ಥಿಗೆ ಇನ್ನೊಂದು ಹೊಳೆಯನ್ನು ದಾಟಬೇಕಾಗಿದೆ. ಹತ್ತನೆಯ ತರಗತಿಯವರೆಗೆ ದ್ಯುತಿಸಂಶ್ಲೇಷಣೆ ಎಂದು ಕಲಿತ ಬಾಲಕನು ಪದವಿಪೂರ್ವ ತರಗತಿಯಲ್ಲಿ ಅದನ್ನೇ ಫೋಟೋಸಿಂಥೆಸಿಸ್ ಎಂದು ಕೇಳಿ ದಿಗಿಲುಗೊಳ್ಳುತ್ತಾನೆ. ವಿಷಯ ಹೊಸದಲ್ಲ, ಹೆಸರು ಹೊಸದು. ಒಂದು ಪುಸ್ತಕದಲ್ಲಿ ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನ ಪದ, ಕೆಳಗೆ ಒಂದು ವಾಕ್ಯದ ವಿವರಣೆ, ಹೀಗೆ ದಿನಕ್ಕೆ ಹತ್ತು ಪದಗಳನ್ನು ಬರೆದುಕೊಂಡರೆ ಮೂರು ತಿಂಗಳಲ್ಲಿ ಒಂಬೈನೂರು ಪದಗಳು ಕೈವಶವಾಗುವುವು.

2017ರಿಂದ ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಪಡೆಯುವ ಅವಕಾಶವೂ ದೊರೆಯಿತು. ಇದು ಸಂತೋಷದ ಸಂಗತಿ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವನು ಪರೀಕ್ಷೆಯ ದಿನ ಮಾತ್ರ ಕನ್ನಡದ ಪಾರಿಭಾಷಿಕ ಪದಗಳನ್ನು ಎದುರಿಸಿದರೆ ಗೊಂದಲಪಟ್ಟಾನು. ಅನುವಾದದಲ್ಲಿ ಸಂದಿಗ್ಧತೆ ಕಂಡುಬಂದರೆ ಇಂಗ್ಲಿಷಿನ ಪಾಠವೇ ಅಂತಿಮವೆಂಬ ನಿಯಮವೂ ಇದೆ. ಕನ್ನಡವನ್ನು ಆರಿಸಿಕೊಳ್ಳುವವರು ಎರಡೂ ಪದಾವಳಿಗಳಲ್ಲಿ ಪಳಗಿರಬೇಕು.

ಕಾಗದಪತ್ರಗಳೂ ಸಿದ್ಧತೆಯ ಅಂಗವೇ

ಇಂದಿನ ವಿಜಯನಗರ ಜಿಲ್ಲೆಯು 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಕಲ್ಯಾಣ ಕರ್ನಾಟಕಕ್ಕೆ ಸೇರಿದ ಈ ಸೀಮೆಯ ವಿದ್ಯಾರ್ಥಿಗಳಿಗೆ ಸಂವಿಧಾನದ 371-ಜೆ ವಿಧಿಯ ಆಧಾರದ ಮೇಲೆ 2013ರಲ್ಲಿ ಮೀಸಲಾತಿ ಏರ್ಪಟ್ಟಿತು: ರಾಜ್ಯ ಸರ್ಕಾರದ ಪಾಲಿನ ಸ್ಥಾನಗಳಲ್ಲಿ ಪ್ರದೇಶದೊಳಗಿನ ಕಾಲೇಜುಗಳಲ್ಲಿ ಶೇಕಡಾ 70, ಹೊರಗಿನ ಕಾಲೇಜುಗಳಲ್ಲಿ ಶೇಕಡಾ 8. ಬಳ್ಳಾರಿಯಲ್ಲಿ 1961ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಈ ಪ್ರದೇಶದೊಳಗಿನದೇ. ಇದಲ್ಲದೆ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡಾ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸ್ಥಾನಗಳು ಮೀಸಲು.

ಹಳ್ಳಿಯ ಶಾಲೆ, ಕನ್ನಡದ ಓದು ಎಂದು ಯಾವುದನ್ನು ಕೊರತೆಯೆಂದು ತಿಳಿದಿದ್ದೆವೋ ಅದೇ ಇಲ್ಲಿ ಆಧಾರವಾಗುವುದನ್ನು ಓದುಗರು ಗಮನಿಸಬೇಕು. ಆದರೆ ಹಕ್ಕು ತಾನಾಗಿ ಬಂದು ಕೈಸೇರದು. ವ್ಯಾಸಂಗದ ಪ್ರಮಾಣಪತ್ರ, ಪ್ರದೇಶದ ಅರ್ಹತಾಪತ್ರ, ಜಾತಿ ಮತ್ತು ಆದಾಯದ ಪತ್ರಗಳು ಕ್ರಮವಾಗಿರಬೇಕು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕಚೇರಿಗಳಿಗೆ ಅಲೆಯುವುದಕ್ಕಿಂತ, ಮೊದಲ ವರ್ಷದ ರಜೆಯಲ್ಲಿಯೇ ಇವನ್ನು ಸಿದ್ಧಪಡಿಸಿ, ಹೆಸರು ಹಾಗೂ ಜನ್ಮದಿನಾಂಕ ಎಲ್ಲ ಪತ್ರಗಳಲ್ಲಿಯೂ ಒಂದೇ ತೆರನಾಗಿವೆಯೇ ಎಂದು ನೋಡಿಕೊಳ್ಳುವುದು ಒಳಿತು.

ಸ್ಥಾನ ದೊರೆಯದಿದ್ದರೆ?

ಪರೀಕ್ಷೆ ಬರೆದವರೆಲ್ಲರಿಗೂ ಸ್ಥಾನ ದೊರೆಯುವುದಿಲ್ಲವೆಂಬುದು ಕಠೋರ ಸತ್ಯ. ಆದರೆ ಮೂರು ವಿಜ್ಞಾನಗಳನ್ನು ಅರಿತು ಓದಿದವರ ಶ್ರಮ ವ್ಯರ್ಥವಾಗಲಾರದು. ಶುಶ್ರೂಷೆ, ಔಷಧವಿಜ್ಞಾನ, ಭೌತಚಿಕಿತ್ಸೆ, ಪ್ರಯೋಗಾಲಯ ತಂತ್ರ, ಪಶುವೈದ್ಯ, ಕೃಷಿವಿಜ್ಞಾನ ಇವೆಲ್ಲವುಗಳಿಗೂ ಅದೇ ಅಡಿಪಾಯ. ಮರುವರ್ಷ ಮತ್ತೆ ಪರೀಕ್ಷೆ ಬರೆಯುವ ಮನಸ್ಸಿದ್ದರೆ, ಕಳೆದ ಬಾರಿಯ ಅಂಕಗಳನ್ನು ವಿಷಯವಾರು ಬಿಡಿಸಿ, ಕೊರತೆ ಯಾವ ಪಾಠದಲ್ಲಿತ್ತೆಂಬುದನ್ನು ಮೊದಲು ಗುರುತಿಸಬೇಕು. ಹಾಗೆ ಗುರುತಿಸದೆ ಅದೇ ಓದನ್ನು ಅದೇ ರೀತಿಯಲ್ಲಿ ಪುನಃ ಓದಿದರೆ ಫಲವೂ ಬಹುಶಃ ಅದೇ ಆಗುವುದು. ಎಷ್ಟು ವರ್ಷ ಪ್ರಯತ್ನಿಸುವುದೆಂಬುದನ್ನು ಮನೆಯವರೊಡನೆ ಕುಳಿತು ಮುಂಚಿತವಾಗಿ ನಿಶ್ಚಯಿಸಿಕೊಳ್ಳುವುದೂ ಅಗತ್ಯ.

ಪದವಿ ನಾಲ್ಕೂವರೆ ವರ್ಷ, ಅನಂತರ ಆಸ್ಪತ್ರೆಯಲ್ಲಿ ಒಂದು ವರ್ಷದ ಸೇವಾಶಿಕ್ಷಣ. ಇಷ್ಟು ದೀರ್ಘವಾದ ಈ ಪಯಣದ ದಿಕ್ಕು ನಿಶ್ಚಯವಾಗುವುದು ಪದವಿಪೂರ್ವ ಕಾಲೇಜಿನ ಪ್ರವೇಶಪತ್ರದಲ್ಲಿ ವಿಷಯಗಳ ಗುಂಪನ್ನು ಬರೆಯುವ ದಿನ. ಆ ಪತ್ರಕ್ಕೆ ಸಹಿ ಹಾಕುವ ತಂದೆತಾಯಿಗಳೂ, ಅದನ್ನು ಓದಿ ಹೇಳುವ ಶಾಲೆಯ ಉಪಾಧ್ಯಾಯರೂ ಒಂದು ಗಳಿಗೆ ನಿಂತು ಈ ಸಂಗತಿಗಳನ್ನು ಆಲೋಚಿಸಿದರೆ, ಅರಿಯದೆ ಕಳೆದುಹೋಗುವ ವರ್ಷಗಳು ಎಷ್ಟೋ ಉಳಿಯುವುವು.